ಸಮುದ್ರಮೀನಿನ ತೊಟ್ಟಿಯೂ ನೇರಳಾತೀತ ದೀಪವೂ

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು, ಅದರಲ್ಲಿ ಉಪ್ಪುನೀರನ್ನು ತುಂಬಿ, ಹವಳಗಳನ್ನೂ ಬಣ್ಣದ ಸಮುದ್ರಮೀನುಗಳನ್ನೂ ಸಾಕುವ ಹವ್ಯಾಸವು ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ಬಹಳವಾಗಿ ಬೆಳೆದಿದೆ. ಇಂಥ ತೊಟ್ಟಿಗಳಲ್ಲಿ ರೋಗ ಹರಡದಂತೆ ತಡೆಯುವುದಕ್ಕೆಂದು ನೇರಳಾತೀತ ಕಿರಣಗಳ ದೀಪವನ್ನು ಮಾರುತ್ತಾರೆ. ಅದಕ್ಕೆ ಹಾಕುವ ಹಣವು ಸಾರ್ಥಕವೇ ಎಂಬುದರಲ್ಲಿ ಸಾಕುವವರೊಳಗೆ ಏಕಾಭಿಪ್ರಾಯವಿಲ್ಲ. ಇದೇ ಬಗೆಯ ದೀಪವು ಈ ನಾಡಿನಲ್ಲಿಯೂ ಕುಡಿಯುವ ನೀರಿನ ಶುದ್ಧಿಗೆ ಬಳಕೆಯಲ್ಲಿರುವುದರಿಂದ, ಈ ಚರ್ಚೆಯು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಅಪ್ರಕೃತವಾದುದಲ್ಲ.

ಸೂರ್ಯನ ಬೆಳಕಿಗೆ ಸೂಕ್ಷ್ಮಜೀವಿಗಳನ್ನು ನಾಶಮಾಡುವ ಶಕ್ತಿಯುಂಟೆಂಬುದನ್ನು ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬವರು 1877ರಲ್ಲಿ ತೋರಿಸಿಕೊಟ್ಟರು. 1910ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದಲ್ಲಿ ಪಾದರಸದ ಆವಿಯ ದೀಪವನ್ನು ಕುಡಿಯುವ ನೀರಿಗೆ ಪ್ರಯೋಗಿಸಿದರು. ಈಗಿನ ದೀಪಗಳ ಕಿರಣವು ಸುಮಾರು 254 ನ್ಯಾನೋಮೀಟರ್ ಅಲೆಯುದ್ದವುಳ್ಳದ್ದು. ಅದು ಜೀವಕೋಶದ ವಂಶದ್ರವ್ಯವನ್ನು ಕೆಡಿಸಿ, ಜೀವಿಯು ಸಂತಾನ ಬೆಳೆಸದಂತೆ ಮಾಡುತ್ತದೆ. ಸಾಮಾನ್ಯ ಗಾಜು ಈ ಕಿರಣವನ್ನು ತಡೆಯುವುದರಿಂದ ದೀಪವನ್ನು ಕ್ವಾರ್ಟ್ಸ್ ಕೊಳವೆಯೊಳಗಿಟ್ಟು, ಅದರ ಸುತ್ತಲೂ ಪಂಪಿನಿಂದ ನೀರನ್ನು ಹಾಯಿಸುತ್ತಾರೆ.

ದೀಪದ ಗುಣಗಳನ್ನು ಅಲ್ಲಗಳೆಯುವಂತಿಲ್ಲ. ನೀರನ್ನು ಹಸುರಾಗಿಸುವ ತೇಲುಪಾಚಿಯನ್ನು ಅದು ಚೆನ್ನಾಗಿ ಅಡಗಿಸುತ್ತದೆ. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧವು ಹವಳ, ಸಿಗಡಿ, ಶಂಖದ ಹುಳುಗಳಿಗೆ ವಿಷವಾದುದರಿಂದ ಹವಳದ ತೊಟ್ಟಿಗೆ ಹಾಕತಕ್ಕದ್ದಲ್ಲ. ದೀಪವಾದರೋ ನೀರಿನಲ್ಲಿ ಯಾವ ವಿಷವನ್ನೂ ಉಳಿಸುವುದಿಲ್ಲ. ಕಶ್ಮಲವನ್ನು ಜೀರ್ಣಿಸುವ ಉಪಕಾರಿ ಬ್ಯಾಕ್ಟೀರಿಯಗಳು ಬಹುಮಟ್ಟಿಗೆ ಕಲ್ಲು ಮರಳುಗಳಿಗೆ ಅಂಟಿಕೊಂಡಿರುವುದರಿಂದ ಅವಕ್ಕೂ ಹೆಚ್ಚಿನ ಹಾನಿಯಿಲ್ಲ.

ಆದರೆ ಮಾರುವವರು ಮುಖ್ಯವಾಗಿ ಹೇಳುವುದು ರೋಗನಿವಾರಣೆಯ ಮಾತು. ಅಲ್ಲಿಯೇ ದೀಪದ ಮಿತಿಯು ಕಂಡುಬರುತ್ತದೆ. ಸಮುದ್ರಮೀನುಗಳನ್ನು ಕೊಲ್ಲುವ ಬಿಳಿಚುಕ್ಕೆ ರೋಗಕ್ಕೆ ಕ್ರಿಪ್ಟೋಕಾರಿಯಾನ್ ಎಂಬ ಏಕಕೋಶಜೀವಿಯು ಕಾರಣ. ಅದು ಕೆಲವು ದಿನ ಮೀನಿನ ಚರ್ಮದೊಳಗಿದ್ದು, ಬಳಿಕ ಉದುರಿ, ಕಲ್ಲು ಮರಳುಗಳ ಮೇಲೆ ಕೋಶ ಕಟ್ಟುತ್ತದೆ. ಕೋಶವು ಸಾಮಾನ್ಯವಾಗಿ 3ರಿಂದ 28 ದಿನಗಳಲ್ಲಿ, ಕೆಲವು ವೇಳೆ 72 ದಿನಗಳ ತರುವಾಯ, ಒಡೆದು ಈಜುಮರಿಗಳನ್ನು ಬಿಡುತ್ತದೆ. ಮೀನಿನ ಮೈಯಲ್ಲಿರುವುದನ್ನಾಗಲಿ ಮರಳಿನಲ್ಲಿರುವುದನ್ನಾಗಲಿ ದೀಪವು ಮುಟ್ಟಲಾರದು. ಅದಕ್ಕೆ ಸಿಕ್ಕುವುದು ಈಜುಮರಿ ಮಾತ್ರ. ಅದೂ ಕೊಳವೆಯೊಳಗೆ ಬಂದರೆ. ಮರಿಗಳು ಹೆಚ್ಚಾಗಿ ಹೊರಡುವುದು ಕತ್ತಲೆಯಲ್ಲಿ, ಮೀನುಗಳು ಕಲ್ಲುಗಳ ಬಳಿ ವಿಶ್ರಮಿಸುವ ಹೊತ್ತಿನಲ್ಲಿ.

ಒಂದು ಲೆಕ್ಕವನ್ನು ನೋಡಬಹುದು. ತೊಟ್ಟಿಯಲ್ಲಿ 400 ಲೀಟರು ನೀರಿದ್ದು, ಗಂಟೆಗೆ 400 ಲೀಟರು ದೀಪದ ಬಳಿ ಹಾಯುತ್ತದೆಂದು ಭಾವಿಸೋಣ. ಶುದ್ಧವಾದ ನೀರು ಮರಳಿ ಉಳಿದ ನೀರಿನಲ್ಲಿಯೇ ಬೆರೆಯುವುದರಿಂದ, ಒಂದು ಗಂಟೆಯ ಕೊನೆಗೆ 100ಕ್ಕೆ ಸುಮಾರು 37 ಪಾಲು, ಎರಡು ಗಂಟೆಯ ಕೊನೆಗೆ ಸುಮಾರು 14 ಪಾಲು ನೀರು ದೀಪವನ್ನು ಕಾಣದೆಯೇ ಉಳಿದಿರುತ್ತದೆ. ಹರಿವನ್ನು ಹೆಚ್ಚಿಸಿದರೆ ಕಿರಣವು ತಗಲುವ ಕಾಲವು ಕಡಿಮೆಯಾಗುತ್ತದೆ. ಈ ಜಾತಿಯ ಜೀವಿಗಳಿಗಾದರೋ ಬ್ಯಾಕ್ಟೀರಿಯಗಳಿಗಿಂತ ಹಲವು ಪಟ್ಟು ಹೆಚ್ಚು ಕಿರಣ ಬೇಕು. ಆದುದರಿಂದ ದೀಪವು ರೋಗದ ಬಲವನ್ನು ಕುಗ್ಗಿಸೀತು, ಬೇರುಸಹಿತ ಕೀಳಲಾರದು.

ಹಾಗಾದರೆ ಮೊದಲು ಹಣ ಹಾಕತಕ್ಕದ್ದು ಯಾವುದಕ್ಕೆ? ಹೊಸ ಮೀನನ್ನು ಕೆಲವು ವಾರ ಬೇರೆಯಾಗಿಡುವ ಸಣ್ಣ ತೊಟ್ಟಿಗೆ. ಅಲ್ಲಿ ಹವಳವಿಲ್ಲದಿರುವುದರಿಂದ ತಾಮ್ರದ ಔಷಧವನ್ನು ತಕ್ಕ ಪ್ರಮಾಣದಲ್ಲಿ ಕೊಡಬಹುದು. ಜಾತ್ರೆಯಿಂದ ತಂದ ಎತ್ತನ್ನು ಅಂದೇ ಕೊಟ್ಟಿಗೆಯ ದನಗಳೊಡನೆ ಕಟ್ಟುವವನನ್ನು ಊರಿನಲ್ಲಿ ಯಾರೂ ವಿವೇಕಿಯೆನ್ನುವುದಿಲ್ಲ. ಕಾಲುಬಾಯಿ ರೋಗವು ಕೊಟ್ಟಿಗೆಯನ್ನು ಹೊಕ್ಕ ಮೇಲೆ ಧೂಪ ಹಾಕಿ ಫಲವಿಲ್ಲ. ಮೀನಿಗೂ ನ್ಯಾಯವು ಅದೇ. ಸಾಕುವ ಸಮುದ್ರಮೀನುಗಳಲ್ಲಿ ಬಹುಪಾಲು ಹವಳದ ದಿಬ್ಬಗಳಿಂದ ಹಿಡಿದು ತಂದವು. ಒಂದು ಸತ್ತರೆ ಅದರ ಸ್ಥಾನಕ್ಕೆ ಮತ್ತೊಂದನ್ನು ಸಮುದ್ರದಿಂದಲೇ ತೆಗೆಯಬೇಕು. ಹೀಗಿರುವಲ್ಲಿ ದೀಪವನ್ನು ನಂಬಿ ಪ್ರತ್ಯೇಕವಾಸವನ್ನು ಬಿಡುವುದು ಹಣದ ನಷ್ಟವಷ್ಟೇ ಅಲ್ಲ, ಜೀವಹಾನಿಯೂ ಹೌದು.

ಪ್ರತ್ಯೇಕವಾಸದ ಏರ್ಪಾಡಾದ ಬಳಿಕ ದೀಪವನ್ನು ಕೊಳ್ಳುವವರು ಅದನ್ನು ಸರಿಯಾಗಿ ನಡೆಸಬೇಕು. ಬಿಡದೆ ಉರಿಯುವ ದೀಪವು ವರ್ಷಕ್ಕೆ 8,760 ಗಂಟೆ ಉರಿಯುತ್ತದೆ. ಅಷ್ಟರಲ್ಲಿ, ನೀಲಿ ಬೆಳಕು ಕಾಣುತ್ತಿದ್ದರೂ, ಅದರ ಶಕ್ತಿಯು ಕುಂದಿರುವುದರಿಂದ ವರ್ಷಕ್ಕೊಮ್ಮೆ ಬದಲಾಯಿಸುವುದು ವಾಡಿಕೆ. ಕ್ವಾರ್ಟ್ಸ್ ಕೊಳವೆಯ ಮೇಲಿನ ಕೊಳೆಯನ್ನು ಆಗಾಗ್ಗೆ ತೊಳೆಯಬೇಕು. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಲೇಕೂಡದು.

ಭಾರತದಲ್ಲಿ ಈ ಹವ್ಯಾಸಕ್ಕೆ ಶಾಸನದ ಎಲ್ಲೆಯೊಂದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ಸೇರಿಸಲಾಯಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳಕ್ಕೂ ಈ ರಕ್ಷಣೆಯುಂಟು. ಅದನ್ನು ಮನೆಯ ತೊಟ್ಟಿಗೆಂದು ಕಿತ್ತು ತರುವುದು ಅಪರಾಧ.

ಊರಿನ ನೀರಿನ ವಿಷಯದಲ್ಲಿಯೂ ವಿಚಾರಕ್ರಮವು ಇದೇ ಆಗಿರತಕ್ಕದ್ದು. ಬಾವಿಗೆ ಕಟ್ಟೆಯಿಲ್ಲದೆ ಬಚ್ಚಲುನೀರು ಇಂಗಿ ಇಳಿಯುತ್ತಿದ್ದರೆ, ಕದಡಿದ ಆ ನೀರನ್ನು ಕಿರಣವು ಭೇದಿಸಲಾರದು. ಮೊದಲು ಕಟ್ಟೆ, ಬಳಿಕ ಸೋಸುವಿಕೆ, ಆಮೇಲೆ ದೀಪ. ಈ ಕ್ರಮವನ್ನು ತಪ್ಪಿಸಿ ದೀಪವನ್ನೊಂದೇ ಮಾರಲು ಬರುವವರನ್ನು ಮುಖಂಡರು ಚೆನ್ನಾಗಿ ವಿಚಾರಿಸಿದ ಮೇಲೆಯೇ ಹಣ ಕೊಡುವುದು ಉಚಿತ.