ಸಂಜೆಯ ಏಳು ಗಂಟೆ

ನಮ್ಮ ನಾಡಿನ ಗಡಿಗೆ ತಾಗಿರುವ ಸಾಂಗಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಅಲ್ಲಿನ ಮಕ್ಕಳ ಕೈಸೇರಿದ ಮೊಬೈಲು, ಶಾಲೆ ತೆರೆದ ಮೇಲೂ ಕೈಬಿಡಲಿಲ್ಲ. ಆಗ, 2022ರಲ್ಲಿ, ಊರಿನವರು ಒಂದು ಕಟ್ಟುಪಾಡನ್ನು ಮಾಡಿಕೊಂಡರು. ಸಂಜೆ 7 ಗಂಟೆಗೆ ದೇವಾಲಯದ ಸೈರನ್ ಮೊಳಗಿದೊಡನೆ ಮನೆಮನೆಯ ದೂರದರ್ಶನವೂ ಮೊಬೈಲೂ ಮೌನ ತಾಳಬೇಕು. ಒಂದೂವರೆ ಗಂಟೆಯ ಕಾಲ ಓದು, ಬರಹ, ಮಾತುಕತೆಗಳಿಗೆ ಮಾತ್ರ ಎಡೆ.

ಪರದೆಯ ವಿನೋದವು ನಮ್ಮಿಂದ ಏನನ್ನೂ ಬೇಡದಂತೆ ತೋರುತ್ತದೆ. ಆದರೆ ಅದು ನಮ್ಮ ಹೊತ್ತನ್ನೇ ಒಯ್ಯುತ್ತದೆ. ಎದುರಿಗೆ ಕುಳಿತ ತಾಯಿಯ ಮಾತೂ ಕಿವಿಗೆ ಬೀಳದಂತೆ ಮಾಡುತ್ತದೆ. ಹಾಗೆಂದು ಯಂತ್ರವನ್ನು ಹಳಿದು ಫಲವಿಲ್ಲ. ಆ ಹಳ್ಳಿಯವರೂ ಅದನ್ನು ಎಸೆಯಲಿಲ್ಲ. ಅದಕ್ಕೊಂದು ಮೇರೆಯನ್ನು ಹಾಕಿದರು. ಒಬ್ಬನೇ ಬಿಟ್ಟರೆ ತಾನು ಏನನ್ನೋ ಕಳೆದುಕೊಂಡೆನೆಂಬ ಕೊರಗು ಕಾಡುತ್ತದೆ. ಎಲ್ಲರೂ ಕೂಡಿ ಬಿಟ್ಟರೆ ಆ ಕೊರಗಿಗೆ ಆಸ್ಪದವಿಲ್ಲ. ಹಿರಿಯರು ಧಾರಾವಾಹಿ ನೋಡುತ್ತ ಕಿರಿಯರಿಗೆ ಓದೆನ್ನುವ ವಿಪರ್ಯಾಸವೂ ಅಲ್ಲಿ ಸಲ್ಲದು. ಕಟ್ಟುಪಾಡಿನ ನಿಜವಾದ ಬಲವಿರುವುದು ಇದರಲ್ಲಿಯೇ.

ಪ್ರತಿಯೊಂದು ಮನೆಯೂ ಇಂಥದೊಂದು ಹೊತ್ತನ್ನು ಉಳಿಸಿಕೊಳ್ಳಬೇಕು. ನಮ್ಮ ಊರಿನಲ್ಲಿ ಸೈರನ್ ಇಲ್ಲದಿರಬಹುದು. ಗೋಡೆಯ ಮೇಲೆ ಗಡಿಯಾರವಂತೂ ಇದೆ.