ನೌಕರರ ಸಂಘಗಳೂ ನಾಡಿನ ಆಯವ್ಯಯವೂ

ವರ್ಷವರ್ಷವೂ ಬೆಂಗಳೂರಿನಲ್ಲಿ ಆಯವ್ಯಯ ಪತ್ರವು ಓದಲ್ಪಡುವ ದಿನ ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಚೇರಿಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ ಒಂದು: “ನಮಗೇನು ಬಂದಿತು?” ಸಂಸಾರಿಗಳಾದವರು ಹೀಗೆ ಕೇಳುವುದು ಸಹಜ; ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ನೌಕರರ ಸಂಘವೂ ಇಷ್ಟನ್ನೇ ಕೇಳಿ ಸುಮ್ಮನಾಗಬಹುದೇ ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಅಮೇರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಬೊಕ್ಕಸದ ಪ್ರಶ್ನೆಗಳನ್ನು ಪ್ರಜೆಗಳ ವೋಟಿಗೇ ಇಡುವ ಪದ್ಧತಿಯುಂಟು. 2009ನೆಯ ಮೇ ತಿಂಗಳಿನಲ್ಲಿ ಅಂತಹ ಆರು ಸೂಚನೆಗಳು ಜನರ ಮುಂದೆ ಬಂದುವು. ಅಧ್ಯಾಪಕರ ಸಂಘವು ಒಂದು ಕಡೆಗೂ, ಬೇರೆ ಕೆಲವು ನೌಕರರ ಸಂಘಗಳು ಇನ್ನೊಂದು ಕಡೆಗೂ ನಿಂತು ಬಹಿರಂಗವಾಗಿ ವಾದಿಸಿದುವು. ಜನರು ಐದನ್ನು ತಳ್ಳಿಹಾಕಿ ಒಂದನ್ನು ಮಾತ್ರ ಅಂಗೀಕರಿಸಿದರು. ಅವರು ಒಪ್ಪಿದ್ದೂ ಕೊರತೆಯ ವರ್ಷಗಳಲ್ಲಿ ಶಾಸಕರ ಸಂಬಳ ಏರಕೂಡದೆಂಬುದನ್ನು! ನಮ್ಮಲ್ಲಿ ಈ ಪದ್ಧತಿಯಿಲ್ಲ. ಸಂವಿಧಾನದ 203ನೆಯ ವಿಧಿಯಂತೆ ವೆಚ್ಚದ ಬೇಡಿಕೆಗಳಿಗೆ ಮತ ಕೊಡತಕ್ಕವರು ವಿಧಾನಸಭೆಯ ಸದಸ್ಯರು. ಆದರೂ ಬೊಕ್ಕಸದ ಲೆಕ್ಕವನ್ನು ಪ್ರಜೆಗಳು ವಿಮರ್ಶಿಸುವುದು ಈ ನೆಲಕ್ಕೆ ಹೊಸದಲ್ಲ. 1881ರಲ್ಲಿ ಸ್ಥಾಪಿತವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ 1923ರ ಸುಧಾರಣೆಯಲ್ಲಿ ಆಯವ್ಯಯವನ್ನು ಚರ್ಚಿಸುವ ಅಧಿಕಾರ ದೊರೆಯಿತು.

ವೋಟಿನ ಪೆಟ್ಟಿಗೆಗೆ ಈ ಪ್ರಶ್ನೆಯನ್ನು ತಂದ ಕೀರ್ತಿ ನಮ್ಮ ನೌಕರರಿಗೂ ಸಲ್ಲಬೇಕು. 2023ನೆಯ ಮಾರ್ಚಿ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರ ಹೂಡಿದರು, ಮೂಲವೇತನಕ್ಕೆ ನೂರಕ್ಕೆ 17ರಂತೆ ಮಧ್ಯಂತರ ಪರಿಹಾರದ ಆಜ್ಞೆಯು ಅದೇ ದಿನ ಹೊರಟಿತು, ಮುಷ್ಕರವೂ ನಿಂತಿತು. ಅದೇ ಮೇ ತಿಂಗಳ ಚುನಾವಣೆಗೆ ಮುಂಚೆ, ಹಳೆಯ ಪಿಂಚಣಿಯನ್ನು ಕೊಡುವವರಿಗೇ ನಮ್ಮ ವೋಟು ಎಂಬ ಪ್ರಚಾರವನ್ನು ಹೊಸ ಪಿಂಚಣಿಯ ನೌಕರರು ನಡೆಸಿದರು. ಬಳಿಕ ಏಳನೆಯ ವೇತನ ಕಮಿಷನ್ನಿನ ಶಿಫಾರಸಿನಂತೆ 2024ನೆಯ ಆಗಸ್ಟ್ 1ರಿಂದ ವೇತನ ಪರಿಷ್ಕಾರವಾಯಿತು. ಕನಿಷ್ಠ ಮೂಲವೇತನವು 17,000 ರೂಪಾಯಿಗಳಿಂದ 27,000ಕ್ಕೆ ಏರಿತು. ಇದರಿಂದ ವರ್ಷಕ್ಕೆ 20,208 ಕೋಟಿ ರೂಪಾಯಿಗಳ ಹೆಚ್ಚಿನ ವೆಚ್ಚವೆಂದು ಸರ್ಕಾರವು ತಿಳಿಸಿತು.

ಪಿಂಚಣಿಯ ಬೇಡಿಕೆಯಲ್ಲಿ ನ್ಯಾಯವಿಲ್ಲವೆಂದು ನಾವು ಹೇಳಲಾರೆವು. ಪಿಂಚಣಿಯು ಭಿಕ್ಷೆಯಲ್ಲ, ಸಲ್ಲಿಸಿದ ಸೇವೆಯ ಫಲವೆಂದು ಸುಪ್ರೀಂ ಕೋರ್ಟು 1982ರಲ್ಲಿ ನಕಾರಾ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. 2006ನೆಯ ಮಾರ್ಚಿ 31ರಂದು ಸೇರಿದ ಗುಮಾಸ್ತನಿಗೆ ಒಂದು ವಿಧ, ಮರುದಿನ ಸೇರಿದವನಿಗೆ ಮತ್ತೊಂದು ವಿಧ. ಒಂದೇ ಮೇಜಿನ ಎರಡು ಬದಿಗಳಲ್ಲಿ ಕುಳಿತು ಒಂದೇ ಕೆಲಸವನ್ನು ಮಾಡುವ ಇವರಲ್ಲಿ ಒಬ್ಬನ ಮುಪ್ಪು ಸರ್ಕಾರದ ಮಾತಿನ ಮೇಲೂ, ಇನ್ನೊಬ್ಬನ ಮುಪ್ಪು ಷೇರುಪೇಟೆಯ ಏರಿಳಿತದ ಮೇಲೂ ನಿಂತಿರುವುದು ಸಮಂಜಸವೆಂದು ಯಾರು ಹೇಳಬಲ್ಲರು?

ಆದರೆ ಇಲ್ಲೊಂದು ಸೂಕ್ಷ್ಮವುಂಟು. ಹೊಸ ಕ್ರಮದಲ್ಲಿ ನೌಕರನು ನೂರಕ್ಕೆ 10ರಂತೆಯೂ ಸರ್ಕಾರವು 14ರಂತೆಯೂ ತಿಂಗಳು ತಿಂಗಳು ಹಣ ಕಟ್ಟಬೇಕು. ಹಳೆಯದಕ್ಕೆ ಮರಳಿದರೆ ಸರ್ಕಾರದ ಈ ಕಂತು ಇಂದೇ ಉಳಿಯುತ್ತದೆ. ಭಾರವು ಮುಂದೆ ಬೀಳುತ್ತದೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ 2006ರಲ್ಲಿ ಸೇರಿದವನು ನಿವೃತ್ತನಾಗುವುದು 2041ರಲ್ಲಿ. ಇಂದಿನ ಮಂತ್ರಿಗೆ ಹೊಗಳಿಕೆ, ಅಂದಿನ ಮಂತ್ರಿಗೆ ಹುಂಡಿ! ತಮಗೆ ಕೊಟ್ಟ ಮಾತು ಮುಂದೆಯೂ ಸಲ್ಲಬೇಕೆಂದು ಬಯಸುವ ಸಂಘವೇ, ಆ ಹಣವನ್ನು ಇಂದಿನಿಂದ ಪ್ರತ್ಯೇಕವಾಗಿ ಕೂಡಿಡಿರೆಂದು ಮೊದಲು ಒತ್ತಾಯಿಸತಕ್ಕದ್ದು.

ಬೊಕ್ಕಸದ ಸ್ಥಿತಿಯನ್ನೂ ನೋಡಬೇಕು. 2025-26ನೆಯ ಸಾಲಿನ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿಗಳು. ಐದು ಗ್ಯಾರಂಟಿಗಳಿಗೆ 51,034 ಕೋಟಿ. ಎತ್ತಲು ಉದ್ದೇಶಿಸಿದ ಸಾಲ 1,16,000 ಕೋಟಿ. ರಾಜಸ್ವದ ಕೊರತೆ 19,262 ಕೋಟಿ. ಗ್ಯಾರಂಟಿಗಳೇ ಹಾಳುಮಾಡಿದುವೆಂದು ನೌಕರರೂ, ನೌಕರರ ಸಂಬಳವೇ ನುಂಗಿತೆಂದು ಇತರರೂ ಪರಸ್ಪರ ದೂರುತ್ತಿರುವುದರಿಂದ ಒಂದು ಕಾಸೂ ಹೆಚ್ಚಲಾರದು. ಬಸ್ಸಿನಲ್ಲಿ ಟಿಕೆಟ್ಟಿಗೆ ಹಣ ಕೊಡದೆ ನಂಜನಗೂಡಿನ ಕಾರ್ಖಾನೆಗೆ ಕೂಲಿಗೆ ಹೋಗುವ ಹೆಂಗಸು ಗುಮಾಸ್ತನ ವೈರಿಯಲ್ಲ.

ನಮ್ಮ ದೇವನೂರಿನ ದಾಸೋಹದ ಮಠವನ್ನು ಈ ಸೀಮೆಯಲ್ಲಿ ತಿಳಿಯದವರಿಲ್ಲ. ಪಂಕ್ತಿಯ ಮೊದಲನೆಯವನ ಎಲೆಗೆ ಎರಡನೆಯ ಸಲ ಬಡಿಸುವುದಕ್ಕೆ ಮುಂಚೆ ಕಡೆಯವನ ಎಲೆಗೆ ಒಂದು ಸಲವಾದರೂ ಬಿದ್ದಿದೆಯೇ ಎಂದು ನೋಡುವುದು ದಾಸೋಹದ ಧರ್ಮ. ಬೊಕ್ಕಸದ ಪಂಕ್ತಿಯಲ್ಲಿ ಕಡೆಗೆ ಕುಳಿತಿರುವವರು ಯಾರು? ಹಳ್ಳಿಯ ಶಾಲೆಯ ಅಡುಗೆಯವಳು, ಅಂಗನವಾಡಿಯ ಕಾರ್ಯಕರ್ತೆ, ಬಾಣಂತಿಯ ಮನೆಯ ಬಾಗಿಲಿಗೆ ಹೋಗುವ ಆಶಾ ಕಾರ್ಯಕರ್ತೆ. ತಿಂಗಳಿಗೆ ಹತ್ತು ಸಾವಿರ ರೂಪಾಯಿಗಳ ಭರವಸೆಯೊಂದನ್ನು ಪಡೆಯಲು ಆಶಾ ಕಾರ್ಯಕರ್ತೆಯರು 2025ನೆಯ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿಗಳನ್ನು ಕಳೆಯಬೇಕಾಯಿತು. ಆ ವರ್ಷದ ಆಯವ್ಯಯದಲ್ಲಿ ಅಡುಗೆಯವರಿಗೆ ಸಾವಿರ ರೂಪಾಯಿಗಳನ್ನು ಏರಿಸಿದ ಮೇಲೂ ಅವರ ಗೌರವಧನವು ಐದು ಸಾವಿರವನ್ನು ಮುಟ್ಟಲಿಲ್ಲ. ಖಾಯಂ ನೌಕರನ ಕನಿಷ್ಠ ಮೂಲವೇತನವೇ 27,000 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡತಕ್ಕದ್ದು.

ಇವರು ನೌಕರರಲ್ಲ, ಸ್ವಯಂಸೇವಕರು, ಕೆಲಸವೂ ಅರೆದಿನದ್ದು, ಯೋಜನೆಗಳು ಕೇಂದ್ರದವು ಎಂಬ ಸಮಾಧಾನವನ್ನು ನಾವು ಬಲ್ಲೆವು. ಹೆಸರನ್ನು ಬದಲಾಯಿಸಿದ ಮಾತ್ರಕ್ಕೆ ಹಸಿವು ಬದಲಾಗುವುದಿಲ್ಲ. ಅಲ್ಲದೆ, ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕ ಹುದ್ದೆಗಳು ಖಾಲಿಯಾಗಿ, ಆ ಕೆಲಸವನ್ನು ಹೊರಗುತ್ತಿಗೆಯವರಿಂದ ಮಾಡಿಸುತ್ತಿರುವಾಗ, ಕೆಳಗಿನವರ ಅಗ್ಗದ ದುಡಿಮೆಯು ನಾಳೆ ಮೇಲಿನವರ ಹುದ್ದೆಯನ್ನೇ ಅಳಿಸೀತೆಂಬುದನ್ನು ಸಂಘಗಳು ಮರೆಯಲಾಗದು.

ಆದಕಾರಣ ನಮ್ಮ ಸೂಚನೆಗಳು ಮೂರು. ಆಯವ್ಯಯಕ್ಕೆ ಒಂದು ತಿಂಗಳು ಮುಂಚೆ ಪ್ರತಿಯೊಂದು ಸಂಘವೂ ತನ್ನ ಬೇಡಿಕೆಯೊಡನೆ ಅದಕ್ಕೆ ಬೇಕಾದ ಹಣದ ಮೂಲವನ್ನೂ, ಯಾವ ತೆರಿಗೆ ಅಥವಾ ಯಾವ ಉಳಿತಾಯವೆಂಬುದನ್ನೂ, ಅಚ್ಚುಹಾಕಿಸಿ ಪ್ರಕಟಿಸಲಿ. ಮುಂದಾಳುಗಳು ಮಂತ್ರಿಗಳ ಕೊಠಡಿಯಲ್ಲಿ ಒಪ್ಪಿಕೊಳ್ಳುವುದಕ್ಕೆ ಮೊದಲು ಸದಸ್ಯರ ಗುಪ್ತಮತವನ್ನು ತೆಗೆದುಕೊಳ್ಳಲಿ. ಕೊನೆಯದಾಗಿ, ಬೇಡಿಕೆಯ ಪಟ್ಟಿಯ ಮೊದಲನೆಯ ಸಾಲಿನಲ್ಲಿ ಪಂಕ್ತಿಯ ಕಡೆಯವಳ ಹೆಸರನ್ನು ಬರೆಯಲಿ.

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಸರ್ಕಾರಿ ನೌಕರರೆಂಬುದನ್ನು ನಾವು ಬಲ್ಲೆವು. ಕೆಲವರಿಗೆ ಈ ಮಾತು ಕಹಿಯಾದೀತು. ಆದರೆ ಅವರ ಮಕ್ಕಳಿಗೆ ಲಸಿಕೆ ಹಾಕಿಸಿದವಳೂ ಅದೇ ಪಂಕ್ತಿಯ ಕಡೆಯಲ್ಲಿ ಎಲೆ ಹಾಸಿಕೊಂಡು ಕುಳಿತಿದ್ದಾಳೆ. ಅತ್ತ ಒಮ್ಮೆ ತಿರುಗಿ ನೋಡಬೇಕೆಂಬುದಷ್ಟೇ ನಮ್ಮ ಪ್ರಾರ್ಥನೆ.