ಕುರಂಗಣಿಯ ಬೆಂಕಿ: ಮೊದಲು ಓಡಿ ಬಂದದ್ದು ಯಾರು?

ಎಲ್ಲಿ ಗುಡ್ಡ ಜರಿದರೂ, ಎಲ್ಲಿ ನೆರೆ ಬಂದರೂ ನಮ್ಮ ಹುಡುಗರು ಗಾಡಿ ಹತ್ತುತ್ತಾರೆ. 2018ರಲ್ಲಿ ಕೊಡಗಿಗೆ ಹೋದರು, 2024ರಲ್ಲಿ ವಯನಾಡಿಗೆ ಹೋದರು. ಇದು ಹೆಮ್ಮೆಯ ವಿಷಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮದೇ ಮೊಹಲ್ಲಾದಲ್ಲಿ ರಾತ್ರಿ ಎರಡು ಗಂಟೆಗೆ ಗುಡ್ಡ ಜರಿದರೆ ಏನು ಕಥೆ? ಈ ಪ್ರಶ್ನೆ ಇಟ್ಟುಕೊಂಡು ತಮಿಳುನಾಡಿನ ತೇನಿ ಜಿಲ್ಲೆಯ ಒಂದು ದುರಂತವನ್ನು ನೋಡಬೇಕು.

ತೇನಿ, ಕಂಬಂ, ಬೋಡಿನಾಯಕ್ಕನೂರು ಎಂದರೆ ನಮ್ಮ ವ್ಯಾಪಾರಸ್ಥರಿಗೆ ಏಲಕ್ಕಿ ಹರಾಜು ನೆನಪಾಗುತ್ತದೆ. ಪಶ್ಚಿಮ ಘಟ್ಟದ ಆ ಮಗ್ಗುಲಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಕುಟುಂಬಗಳು ಈಗಲೂ ಉಂಟು. ರಾವುತ್ತರ್ ಮುಸ್ಲಿಮರು ಕಟ್ಟಿ ಬೆಳೆಸಿದ ಕಾಲೇಜು ಉತ್ತಮಪಾಳ್ಯಂನಲ್ಲಿದೆ. ಹಾಗಾಗಿ ಅದು ನಮಗೆ ತೀರಾ ಪರವೂರೇನಲ್ಲ.

ಬೋಡಿಯ ಮೇಲಿರುವ ಬೆಟ್ಟದ ಹಳ್ಳಿ ಕುರಂಗಣಿ. 2018ರ ಮಾರ್ಚ್ 11, ಭಾನುವಾರ. ಚೆನ್ನೈ, ಈರೋಡ್, ತಿರುಪ್ಪೂರು ಕಡೆಯಿಂದ ಚಾರಣಕ್ಕೆ ಬಂದಿದ್ದ ಮೂವತ್ತಕ್ಕೂ ಹೆಚ್ಚು ಮಂದಿ ಕೊಲುಕ್ಕುಮಲೈ ಕಡೆಯಿಂದ ಇಳಿಯುತ್ತಿದ್ದರು. ಹೆಚ್ಚಿನವರು ಹೆಣ್ಣುಮಕ್ಕಳು. ಬೇಸಿಗೆಗೆ ಒಣಗಿ ನಿಂತ ಎತ್ತರದ ಹುಲ್ಲು. ಅದಕ್ಕೆ ಬೆಂಕಿ ಹತ್ತಿ, ಗಾಳಿ ಬೀಸಿತು. ದಾರಿ ಗೊತ್ತಿಲ್ಲದವರು ಚೆಲ್ಲಾಪಿಲ್ಲಿಯಾಗಿ ಓಡಿ ಕಣಿವೆಯಲ್ಲಿ ಸಿಕ್ಕಿಬಿದ್ದರು. ಒಂಬತ್ತು ಮಂದಿ ಬೆಟ್ಟದಲ್ಲೇ ಸತ್ತರು. ಉಳಿದವರಲ್ಲಿ ಹಲವರು ಆಸ್ಪತ್ರೆಗಳಲ್ಲಿ ಒಬ್ಬೊಬ್ಬರಾಗಿ ತೀರಿಕೊಂಡರು. ಒಟ್ಟು ಸಾವು ಇಪ್ಪತ್ತು ದಾಟಿತು.

ಸೂಲೂರಿನ ವಾಯುಪಡೆ ನೆಲೆಯಿಂದ ಹೆಲಿಕಾಪ್ಟರ್ ಬಂತು, ಕಮಾಂಡೊಗಳೂ ಬಂದರು. ಆದರೆ ಅವರಿಗಿಂತ ಮೊದಲು ಹೊಗೆ ನೋಡಿ, ಕೂಗು ಕೇಳಿ ಹತ್ತಿದ್ದು ಕುರಂಗಣಿಯ ಊರವರು, ಎಸ್ಟೇಟ್ ಕೂಲಿಗಳು, ಬೆಟ್ಟದ ಆದಿವಾಸಿಗಳು. ಕತ್ತಲಲ್ಲಿ ಹೆಲಿಕಾಪ್ಟರ್ ಇಳಿಯುವ ಜಾಗ ಅದಲ್ಲ. ಬೆಡ್‌ಶೀಟ್‌ನಲ್ಲಿ ಡೋಲಿ ಮಾಡಿ ಸುಟ್ಟ ಮೈಗಳನ್ನು ಹೊತ್ತು ಇಳಿಸಿದರು. ಅವರಲ್ಲಿ ಸಮವಸ್ತ್ರ ಇರಲಿಲ್ಲ, ಬ್ಯಾನರ್ ಇರಲಿಲ್ಲ. ಇದ್ದದ್ದು ಕಾಲುದಾರಿಯ ಪರಿಚಯ ಮಾತ್ರ. ತರಬೇತಿಯಾಗಲೀ ಸ್ಟ್ರೆಚರ್ ಆಗಲೀ ಅವರಿಗೆ ಯಾರೂ ಕೊಟ್ಟಿರಲಿಲ್ಲ ಎನ್ನುವುದೇ ನನ್ನನ್ನು ಹೆಚ್ಚು ಕಾಡುವ ವಿಷಯ.

ಆ ಸರಕಾರ ಸ್ವಲ್ಪವಾದರೂ ಪಾಠ ಕಲಿತಿತು. ಅದೇ ವರ್ಷ ಚಾರಣಕ್ಕೆ ನಿಯಮ ತಂದಿತು. 2024ರಲ್ಲಿ 40 ಚಾರಣ ದಾರಿಗಳನ್ನು ಗುರುತಿಸಿ, ಸ್ಥಳೀಯ ಆದಿವಾಸಿ ಯುವಕರಿಗೇ ತರಬೇತಿ ಕೊಟ್ಟು ಮಾರ್ಗದರ್ಶಿಗಳನ್ನಾಗಿ ಮಾಡಿತು. ಪಕ್ಕದ ದಿಂಡಿಗಲ್‌ನ ಕೊಡೈಕೆನಾಲ್ ಬೆಟ್ಟದಲ್ಲೂ ಬೇಸಿಗೆಯ ಬೆಂಕಿ ಹೊಸತಲ್ಲ. ಅಲ್ಲೂ ಮೊದಲು ಬೇಕಾಗುವುದು ಇಂಥವರೇ.

ಈಗ ನಮ್ಮ ಊರಿಗೆ ಬನ್ನಿ. 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಮನೆಯ ಮೇಲೆ ಬಿದ್ದು ಅಜ್ಜಿ, ಇಬ್ಬರು ಪುಟ್ಟ ಮಕ್ಕಳು ಸತ್ತರು. ಅಲ್ಲೂ ಮೊದಲು ಓಡಿದ್ದು ನೆರೆಹೊರೆಯವರೇ. ಅಂಥ ಹೊತ್ತಿನಲ್ಲಿ ಕಾಂಕ್ರೀಟ್ ಕತ್ತರಿಸುವ ಮೆಷಿನ್ ಯಾರ ಹತ್ತಿರ ಇದೆ? ಜೆಸಿಬಿ ಓಡಿಸುವ ಹುಡುಗನ ನಂಬರ್ ಯಾರಲ್ಲಿದೆ? ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ? ಜಮಾಅತ್ ಕಮಿಟಿಯ ಪುಸ್ತಕದಲ್ಲಿ ವಂತಿಗೆಯ ಲೆಕ್ಕ ಪೈಸೆ ಪೈಸೆ ಸಿಗುತ್ತದೆ ಮಾರಾಯ್ರೇ, ಈ ಲೆಕ್ಕ ಸಿಗುವುದಿಲ್ಲ! ಅದರಲ್ಲಿ ಎಲ್ಲ ಧರ್ಮದವರ ಮನೆಯೂ ಇರಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಉತ್ಸಾಹ ಮಾತ್ರ ಸಾಲುವುದಿಲ್ಲ ಎನ್ನುವುದಕ್ಕೆ ವಯನಾಡೇ ಸಾಕ್ಷಿ. ಹುಡುಕಾಟಕ್ಕೆ ಹೋದ ಸ್ವಯಂಸೇವಕರೇ ಸೂಚಿಪ್ಪಾರ ಜಲಪಾತದ ಬಳಿ ಸಿಕ್ಕಿಬಿದ್ದು, ಅವರನ್ನು ತರಲು ಹೆಲಿಕಾಪ್ಟರ್ ಬೇಕಾಯಿತು. ಹಳೆ ಬಟ್ಟೆ ಕಳಿಸಬೇಡಿ ಎಂದು ಅಲ್ಲಿನ ಆಡಳಿತ ಬೇಡಿಕೊಂಡಿತು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಬೇಕು, ಐಸ್ ಇಡಬಾರದು ಎಂಬಷ್ಟು ತಿಳಿದಿದ್ದರೂ ದೊಡ್ಡ ಉಪಕಾರ.

ಕೇಂದ್ರದ 'ಆಪದ ಮಿತ್ರ' ಯೋಜನೆ ಇಂಥವರಿಗಾಗಿಯೇ ಇದೆ. 2016ರಲ್ಲಿ 30 ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ 350 ಜಿಲ್ಲೆ, ಒಂದು ಲಕ್ಷ ಸ್ವಯಂಸೇವಕರ ಗುರಿಗೆ ವಿಸ್ತರಿಸಿತು. 18ರಿಂದ 40 ವರ್ಷದವರಿಗೆ 12 ದಿನದ ತರಬೇತಿ, ಕಿಟ್, ವಿಮೆ. ನಮ್ಮ ಯುವ ಸಂಘಟನೆಗಳು ಸ್ವಂತ ಟೀಮ್ ಕಟ್ಟುವಾಗ ಜಾಕೆಟ್‌ನ ಬಣ್ಣಕ್ಕೆ ಕೊಡುವ ತಲೆಬಿಸಿಯಲ್ಲಿ ಅರ್ಧವನ್ನು ಇಂಥ ತರಬೇತಿಗೆ ಕೊಟ್ಟರೆ ಒಳ್ಳೆಯದಿತ್ತು. ಹುಡುಗಿಯರನ್ನೂ ಸೇರಿಸಿಕೊಳ್ಳಬೇಕು. ನರ್ಸಿಂಗ್ ಓದಿದ ಹೆಣ್ಣುಮಕ್ಕಳು ಈಗ ನಮ್ಮಲ್ಲಿ ಮೊಹಲ್ಲಾಕ್ಕೆ ನಾಲ್ಕೈದು ಮಂದಿಯಾದರೂ ಇದ್ದಾರೆ.

ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ಮುಂದಿನ ತರಬೇತಿ ಯಾವಾಗ ಎಂದು ಕೇಳಲು ಒಂದು ಅರ್ಜಿ ಸಾಕು. ತುರ್ತು ನಂಬರ್ 1077. ಮುಂದಿನ ಶುಕ್ರವಾರ ಜುಮಾ ಮುಗಿದ ಮೇಲೆ ಕಮಿಟಿಯವರು ಹತ್ತು ನಿಮಿಷ ಕೂತರೆ ಹೆಸರಿನ ಪಟ್ಟಿ ಶುರು ಮಾಡಬಹುದು.